ಸನ್ನೆಗೆ ಮುಂಚಿನ ಏಟು

ಆ ಏಟು ನಟನೆಯಾಗಿರಲಿಲ್ಲ. ನಾನು ಬಸವರಾಜನಿಗೆ ನಿಜವಾಗಿಯೇ ಹೊಡೆದೆ — ಬೇಕೆಂದೇ ಹೊಡೆದೆ, ತುಂಬಿದ ಸಭೆಯ ಎದುರು, ದೀಪಗಳ ಬೆಳಕಿನಲ್ಲಿ, ಅಪ್ಪನ ಪಾತ್ರದ ಅಂಗಿ ತೊಟ್ಟುಕೊಂಡು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಪರದೆಯ ಹಿಂದೆ ಕಿವಿ ಹಿಡಿದುಕೊಂಡು ಕೂತಿದ್ದ ಅವನಿಗೆ ‘ನೀನ ಮಾರಿ ಮುಂಚೆ ತಿರುಗಿಸಿದಿ’ ಎಂದು ಹೇಳಿದವನೂ ನಾನೇ. ಅವನು ನಂಬಿದ. ಇವತ್ತಿಗೂ ನಂಬಿದ್ದಾನೆ.

ಇಷ್ಟು ಬರೆಯುವುದಕ್ಕೆ ಇಪ್ಪತ್ತು ವರ್ಷಕ್ಕೂ ಮೇಲೆ ಹಿಡಿಯಿತು. ಹೈದರಾಬಾದಿನ ನಮ್ಮ ಕನ್ನಡ ಸಂಘದವರು ಆ ನಾಟಕವನ್ನು ಮತ್ತೆ ಆಡಿಸುತ್ತಿದ್ದಾರೆ. ಸ್ಮರಣ ಸಂಚಿಕೆಗೆ ‘ಮೊದಲ ಪ್ರಯೋಗದ ನೆನಪು ಬರಕೊಡ್ರಿ, ಸ್ವಲ್ಪ ತಮಾಷೆಯಾಗಿರಲಿ’ ಎಂದು ಕೇಳಿದರು. ತಮಾಷೆಯಾಗಿ ಬರೆಯುವುದು ನನಗೆ ಕಷ್ಟವಲ್ಲ. ನನ್ನನ್ನೇ ಗೇಲಿ ಮಾಡಿಕೊಂಡು ಪುಟ ತುಂಬಿಸುವುದರಲ್ಲಿ ನಾನು ನಿಸ್ಸೀಮ. ಆದರೆ ಹಾಗೆ ಗೇಲಿ ಮಾಡಿಕೊಳ್ಳುವವನು ಒಂದು ವಿಷಯವನ್ನು ಬಚ್ಚಿಡುತ್ತಿರುತ್ತಾನೆ — ಅಥವಾ ನಾನಂತೂ ಬಚ್ಚಿಟ್ಟಿದ್ದೆ.

ನಾನು ಗದಗದವನು, ಹೆಸರು ಶ್ರೀಪಾದ. ಆ ಕಾಲಕ್ಕೆ ಕೊಂಡಾಪುರದ ಕಡೆ ಬಂಡೆ ಸಿಡಿಸಿ ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದರು. ಅಂಥದ್ದೊಂದರಲ್ಲಿ ನಾನು ಟೆಸ್ಟರ್ ಆಗಿದ್ದೆ. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ಎಲ್ಲಿ ಏನು ಕೆಡಬಹುದು ಎಂದು ಮುಂಚಿತವಾಗಿ ಚಿಂತಿಸುವುದೇ ಕೆಲಸ. ಹುಟ್ಟಾ ಚಿಂತೆಗಾರನಿಗೆ ಇದಕ್ಕಿಂತ ಒಪ್ಪುವ ನೌಕರಿ ಎಲ್ಲಿದ್ದೀತು? ಮನೆಯಲ್ಲಿ ಪುಕ್ಕಟೆ ಮಾಡುತ್ತಿದ್ದುದಕ್ಕೆ ಅಲ್ಲಿ ಸಂಬಳ ಕೊಡುತ್ತಿದ್ದರು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬರುವವನು, ಲಿಫ್ಟಿನಲ್ಲಿ ನಾಲ್ಕು ಜನರಿಗಿಂತ ಹೆಚ್ಚಿದ್ದರೆ ಮೆಟ್ಟಿಲು ಹತ್ತುವವನು, ಮಾವಿನಹಣ್ಣಿನೊಳಗೆ ಹುಳ ಇದ್ದರೆ ಎಂದು ಕತ್ತಲಲ್ಲಿ ಹಣ್ಣು ತಿನ್ನದವನು — ಇಂಥವನು ಒಬ್ಬನಿಗೆ ಬೇಕೆಂದೇ ಹೊಡೆದಾನು ಎಂದು ಯಾರು ಅನುಮಾನಿಸುತ್ತಾರೆ? ನನ್ನ ಪುಕ್ಕಲುತನವೇ ನನಗೆ ಸಾಕ್ಷಿ ಹೇಳಿ ಕಾಪಾಡಿಕೊಂಡು ಬಂತು.

ನಾಟಕ ಬರೆದವನೂ ನಾನೇ. ಹೆಸರು ‘ಮೀಸೆ ಮೂಡುವ ಹೊತ್ತು’. ಒಂದು ಸಂಜೆ ದಿಲ್‌ಸುಖ್‌ನಗರದಲ್ಲಿ ನಮ್ಮ ಬಸ್ಸು ಗಾಡಿಗಳ ನಡುವೆ ಸಿಕ್ಕಿಕೊಂಡು ನಿಂತಿತ್ತು. ಕೋಚಿಂಗ್ ಸೆಂಟರೊಂದರ ಮೆಟ್ಟಿಲ ಮೇಲೆ ಆರೇಳು ಹುಡುಗರು ಒಬ್ಬನನ್ನು ಕೆಡವಿಕೊಂಡು ಬೆಲ್ಟಿನಿಂದ ಬಾರಿಸುತ್ತಿದ್ದರು. ಯಾವುದೋ ಹುಡುಗಿಯ ವಿಷಯವಂತೆ — ಪಕ್ಕದ ಸೀಟಿನವರು ಹಾಗೆಂದರು, ಅದೇ ಸಾಕಷ್ಟು ಕಾರಣ ಎನ್ನುವ ಹಾಗೆ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಹೊಡೆಯುವವರಲ್ಲಿ ಒಬ್ಬ ಅಳುತ್ತಿದ್ದ. ಅಳುತ್ತಲೇ ಹೊಡೆಯುತ್ತಿದ್ದ. ಉಳಿದವರು ‘ಮಾರ್ ಬೇ! ಮರ್ದ್ ಹೈ ಕಿ ನಹೀ?’ — ಹೊಡಿ, ಗಂಡಸು ಹೌದೋ ಅಲ್ಲವೋ — ಎಂದು ಅವನ ಬೆನ್ನು ತಟ್ಟುತ್ತಿದ್ದರು. ನಾನು ಬಸ್ಸಿಳಿಯಲಿಲ್ಲ. ಕಿಟಕಿಯ ಗಾಜು ಎಳೆದುಕೊಂಡೆ. ಮನೆಗೆ ಬಂದು ನಾಟಕ ಬರೆದೆ.

ಕಥೆ ಇಷ್ಟೆ. ಹಾಸ್ಟೆಲ್ಲಿನ ಹುಡುಗರು ಸೇರಿ ಒಬ್ಬನನ್ನು ಸಾಯಬಡಿಯುತ್ತಾರೆ. ಅವರಲ್ಲಿ ಒಬ್ಬನಾದ ರವಿ ತಡೆಯಲಾರದೆ ಅಳುತ್ತಾ ಮನೆಗೆ ಬರುತ್ತಾನೆ. ಅಪ್ಪ ಪೆಟ್ಟು ತಿಂದ ಹುಡುಗ ಬದುಕಿದ್ದಾನೋ ಇಲ್ಲವೋ ಎಂದು ಕೇಳುವುದಿಲ್ಲ. ‘ಗಂಡಸಾಗಿ ಹುಟ್ಟಿ ಅಳತಿಯೇನಲೇ?’ ಎಂದು ಕೆನ್ನೆಗೆ ಬಾರಿಸುತ್ತಾನೆ. ಹೊಡೆದದ್ದಕ್ಕಲ್ಲ, ಅತ್ತದ್ದಕ್ಕೆ. ಮಗ ಅಳು ನಿಲ್ಲಿಸುತ್ತಾನೆ — ಆಮೇಲೆ ಅವನು ಯಾವುದಕ್ಕೂ ಅಳುವುದಿಲ್ಲ, ಅದೇ ದುರಂತ. ಇದನ್ನು ಬರೆದು ನಾನು ಎಷ್ಟು ಉಬ್ಬಿದ್ದೆನೆಂದರೆ, ಗಂಡಸುತನದ ಒಣ ಜಂಬವನ್ನು ಪೂರ್ತಿ ಅರೆದು ಕುಡಿದು ಅದರಿಂದ ಬಿಡುಗಡೆ ಹೊಂದಿದವರಲ್ಲಿ ದಖ್ಖನಿಗೇ ನಾನು ಮೊದಲಿಗ ಎಂದುಕೊಂಡಿದ್ದೆ.

ರವಿಯ ಪಾತ್ರವನ್ನು ನನಗಾಗಿಯೇ ಬರೆದುಕೊಂಡಿದ್ದೆ. ನಗಬೇಡಿ. ಆಗಲೇ ಮೂವತ್ತು ದಾಟಿತ್ತು, ಹಣೆ ತಲೆಯ ಕಡೆಗೆ ಒತ್ತುವರಿ ಶುರುಮಾಡಿತ್ತು. ನಾಟಕ ಆಡಿಸುವವರು ವತ್ಸಲಕ್ಕ — ಧಾರವಾಡದವರು, ಬ್ಯಾಂಕಿನಲ್ಲಿ ಆಫೀಸರು, ಎದುರಿಗಿದ್ದವರ ಮುಖಕ್ಕೆ ಹೊಡೆದ ಹಾಗೆ ಮಾತಾಡುವವರು. ಕಾಚಿಗುಡದ ಒಂದು ಶಾಲೆಯ ಹಾಲಿನಲ್ಲಿ ಭಾನುವಾರ ಭಾನುವಾರ ತಾಲೀಮು. ಮೊದಲ ದಿನವೇ ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

“ಶ್ರೀಪಾದ, ಮನ್ಯಾಗ ಕನ್ನಡಿ ಐತೇನಪಾ? ಹಾಸ್ಟೆಲ್ ಹುಡುಗ ಆಗ್ತೀನಂತಿ, ನಿನ್ನ ಹೊಟ್ಟಿ ನೋಡಿದ್ರ ವಾರ್ಡನ್ ಇದ್ದಂಗ ಇದ್ದಿ.”

ಎಲ್ಲರೂ ನಕ್ಕರು. ನನ್ನ ಹೆಂಡತಿ ಗಿರಿಜಾ ಎಲ್ಲರಿಗಿಂತ ಹೆಚ್ಚು ನಕ್ಕಳು. ನಾನೂ ನಕ್ಕೆ. ನನಗೆ ಅಪ್ಪನ ಪಾತ್ರ ಬಂತು. ರವಿಯ ಪಾತ್ರ, ಗೋಡೆಗೊರಗಿ ತೂಕಡಿಸುತ್ತಿದ್ದ ಬಸವರಾಜನಿಗೆ ಹೋಯಿತು.

ಬಸವರಾಜ — ಎಲ್ಲರಿಗೂ ಬಸು — ಸಿಂಧನೂರಿನವನು. ಪದವಿ ಮುಗಿಸಿ ಆಗಷ್ಟೇ ಕೊಂಡಾಪುರದ ಒಂದು ಕಾಲ್ ಸೆಂಟರಿಗೆ ತರಬೇತಿಗೆ ಸೇರಿದ್ದ. ರಾತ್ರಿಯಿಡೀ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಅಮೆರಿಕದವರ ಬೈಗುಳ ಕೇಳಿ, ಬೆಳಿಗ್ಗೆ ಕೆಂಗಣ್ಣಿನಲ್ಲೇ ತಾಲೀಮಿಗೆ ಬರುತ್ತಿದ್ದ. ಅಲ್ಲಿ ಅವನ ಹೆಸರು ಬ್ರಯಾನ್. “ಥ್ಯಾಂಕ್ಯೂ ಫಾರ್ ಕಾಲಿಂಗ್, ದಿಸ್ ಈಸ್ ಬ್ರಯಾನ್” ಎಂದು ಮೂಗಿನಲ್ಲಿ ಹೇಳಿ, ಅದೇ ಉಸಿರಿನಲ್ಲಿ “ಹೆಂಗೈತ್ರಿ ಅಣ್ಣಾರ? ನಮ್ಮವ್ವ ಕೇಳಿದ್ರ ದೆವ್ವ ಹೊಕ್ಕೈತಿ ಅಂತ ಬೇವಿನಸೊಪ್ಪಿಲೆ ಬಡಿತಾಳ” ಎನ್ನುತ್ತಿದ್ದ. ಆ ಕೆಲಸದ ಬಗ್ಗೆ ಅವನಿಗೆ ಬಹಳ ಅಭಿಮಾನವಿತ್ತು. ಊರಿನಲ್ಲಿ ಇಂಗ್ಲಿಷಿಗೆ ಹೆದರಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ ಅವನು; ತರಬೇತಿ ಮುಗಿದು ಕೆಲಸ ಖಾಯಂ ಆದ ದಿನ ತನ್ನ ಹಳೆಯ ಮೇಷ್ಟರಿಗೆ ಆ ಮೂಗಿನ ಇಂಗ್ಲಿಷಿನಲ್ಲೇ ಫೋನು ಮಾಡಬೇಕೆಂದು ಕಾದಿದ್ದ.

ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಯಾವಾಗ ಹುಟ್ಟಿತು ಎಂದು ಎಷ್ಟೋ ಸಲ ಹುಡುಕಿದ್ದೇನೆ. ಪಾತ್ರ ಹೋದಾಗಲ್ಲ — ಅದು ಬರೀ ಮುನಿಸು. ಅವನು ನನ್ನ ಮಾತುಗಳನ್ನು ನನಗಿಂತ ಚೆನ್ನಾಗಿ ಆಡುತ್ತಿದ್ದಾನೆ ಎಂದು ತಿಳಿದಾಗಲೂ ಅಲ್ಲ. ಅವನು ಆ ಮಾತುಗಳನ್ನು ಆಡುವುದನ್ನು ಬಿಟ್ಟಾಗ.

ಏಟು ಬಿದ್ದ ಮೇಲೆ ರವಿಗೆ ನಾನೊಂದು ಉದ್ದದ ಮಾತು ಬರೆದಿದ್ದೆ. ಗಂಡಸು ಅಂದರೇನು, ಅಳು ಅಂದರೇನು, ಅಪ್ಪಂದಿರು ಮಕ್ಕಳಿಗೆ ಏನು ಕೊಡುತ್ತಾರೆ… ಬರೆಯುವಾಗ ನಾನೇ ಅತ್ತಿದ್ದೆ. ಗಿರಿಜಾಗೆ ಓದಿ ಹೇಳಿದಾಗ ಪಾತ್ರೆ ತೊಳೆಯುತ್ತಿದ್ದವಳು ‘ಚಲೋ ಐತ್ರಿ’ ಎಂದಿದ್ದಳು, ನಲ್ಲಿ ನಿಲ್ಲಿಸದೆ. ಒಂದು ಭಾನುವಾರ ತಾಲೀಮಿನಲ್ಲಿ ಬಸು ಆ ಜಾಗಕ್ಕೆ ಬಂದು ಸುಮ್ಮನಾಗಿಬಿಟ್ಟ. ಮರೆತನೆಂದು ನಾನು ಮೆಲ್ಲಗೆ ಎತ್ತಿಕೊಟ್ಟೆ. ಅವನು ತಲೆಯಾಡಿಸಿದ. ತೋಳಿನಿಂದ ಮುಖ ಒರೆಸಿಕೊಂಡ, ಬಾಗಿಲ ಹತ್ತಿರ ಹೋದ, ಅಪ್ಪ ಅಡ್ಡಾದಿಡ್ಡಿ ಬಿಟ್ಟಿದ್ದ ಚಪ್ಪಲಿಗಳನ್ನು ಬಗ್ಗಿ ಜೋಡಿಸಿ ನೆಟ್ಟಗೆ ಇಟ್ಟ. ಅಷ್ಟೆ. ಎದ್ದು ಒಳಗೆ ಹೋದ.

ವತ್ಸಲಕ್ಕ ಕೈಯಲ್ಲಿದ್ದ ಪ್ರತಿಯ ಮೇಲೆ ಅಡ್ಡಗೀಟು ಎಳೆದರು.

“ಭಾಷಣ ತಗದುಬಿಡೂಣ” ಎಂದರು ವತ್ಸಲಕ್ಕ. “ಎಲ್ಲಾ ಅದರಾಗ ಬಂತು.”

“ಅಣ್ಣಾರ, ನಿಮಗ ಬ್ಯಾಸರಿಲ್ಲಲ್ರಿ?” ಎಂದು ಬಸು ನನ್ನನ್ನು ಕೇಳಿದ. “ನಮ್ಮಪ್ಪ ಹೊಡದಾಗೆಲ್ಲ ನಾ ಇದನ್ನ ಮಾಡ್ತಿದ್ದೆ. ಅದಕ್ಕ ಬಂತು.”

ಬೇಸರವೇ? ನಾನು ಅವನ ಬೆನ್ನು ತಟ್ಟಿ ‘ಅದ್ಭುತ’ ಎಂದೆ. ತಿರುಗಿ ನೋಡಿದರೆ ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಕೈಯಲ್ಲಿ ಯಾವ ಪಾತ್ರೆಯೂ ಇರಲಿಲ್ಲ, ಯಾವ ನಲ್ಲಿಯೂ ಹರಿಯುತ್ತಿರಲಿಲ್ಲ.

ಆಮೇಲೆ ಎಲ್ಲವೂ ಹೊಟ್ಟೆಗೆ ಕಿಚ್ಚಾಯಿತು. ಅವಳು ತಾಲೀಮಿಗೆ ಗಿರ್ಮಿಟ್ ಮಾಡಿಕೊಂಡು ಬಂದರೆ ಅವನ ತಟ್ಟೆಗೆ ಶೇಂಗಾ ಹೆಚ್ಚು ಬಿದ್ದಿವೆಯೇ ಎಂದು ನೋಡುತ್ತಿದ್ದೆ. ಅವನು ಅವಳನ್ನು ‘ವಯ್ನಿ’, ಅಂದರೆ ಅತ್ತಿಗೆ, ಎಂದು ಕರೆಯುವಾಗ ಆ ‘ನಿ’ ಎಷ್ಟು ಹೊತ್ತು ಎಳೆಯುತ್ತಾನೆಂದು ಕೇಳಿಸಿಕೊಳ್ಳುತ್ತಿದ್ದೆ. ಅವರಿಬ್ಬರ ನಡುವೆ ಏನಾದರೂ ಇದೆ ಎಂಬ ಸಂಶಯವಲ್ಲ — ಆ ಸಂಶಯವಾದರೂ ಇದ್ದಿದ್ದರೆ ನನಗೊಂದು ನೆಪವಿರುತ್ತಿತ್ತು. ಅಲ್ಲಿ ಇದ್ದದ್ದು ಬರೀ ಅಕ್ಕ-ತಮ್ಮನ ನಗೆ. ನನ್ನ ಸಂಕಟವೆಂದರೆ, ಅವನು ಏನೂ ಪ್ರಯತ್ನಪಡದೆಯೇ ಎಲ್ಲರಿಗೂ ಬೇಕಾದವನಾಗಿದ್ದ. ನಾನು ಬೇಕಾಗಲು ಒಂದು ನಾಟಕವನ್ನೇ ಬರೆಯಬೇಕಾಗಿತ್ತು.

ಇನ್ನು ಆ ಏಟಿನ ಪದ್ಧತಿ. ರಂಗದ ಮೇಲೆ ಹೊಡೆಯುವುದಕ್ಕೆ ವತ್ಸಲಕ್ಕನ ಕಟ್ಟುನಿಟ್ಟಿನ ನಿಯಮವಿತ್ತು. ಏಟು ಯಾವಾಗ ಎಂದು ಹೇಳುವವನು ಹೊಡೆಯುವವನಲ್ಲ, ಹೊಡೆಸಿಕೊಳ್ಳುವವನು. ಅವನು ನಿಧಾನವಾಗಿ ಒಮ್ಮೆ ಕಣ್ಣು ಮುಚ್ಚಿ ತೆರೆಯಬೇಕು. ಅದು ಸನ್ನೆ. ಆ ಸನ್ನೆ ಬಂದ ಮೇಲೆಯೇ ಹೊಡೆಯುವವನ ಕೈ ಹೊರಡಬೇಕು. ಬಸುವನ್ನು ಜನರಿಗೆ ಬಲಗೆನ್ನೆ ಕಾಣುವ ಹಾಗೆ ನಿಲ್ಲಿಸಿದ್ದರು. ನನ್ನ ಕೈ ಆಚೆ, ಎಡಗಡೆ, ಒಂದು ಗೇಣು ದೂರದಲ್ಲಿ ಗಾಳಿಯಲ್ಲಿ ಹಾಯಬೇಕು. ಅವನು ಮುಖ ತಿರುಗಿಸಬೇಕು. ಪಕ್ಕದ ಪರದೆಯ ಮರೆಯಲ್ಲಿ ಗಿರಿಜಾ ನಿಂತು, ಅವಳೂ ಅದೇ ಸನ್ನೆಯನ್ನು ನೋಡಿಕೊಂಡು, ಎರಡೂ ಅಂಗೈ ಸೇರಿಸಿ ಚಟೀರೆಂದು ತಟ್ಟಬೇಕು. ಆ ಸದ್ದೇ ಏಟು.

“ಹೊಡಿಸಿಕೊಳ್ಳಾಂವನ ಕೈಯಾಗ ಹುಕುಂ ಇರಬೇಕು” ಎನ್ನುತ್ತಿದ್ದರು ವತ್ಸಲಕ್ಕ. “ಹೊರಗ ಹಂಗಿಲ್ಲ. ಇಲ್ಲೆರೆ ಇರಲಿ.”

ನಾಟಕವೆಲ್ಲ ಆ ಮಾತಿನಲ್ಲಿತ್ತು. ನಾನು ಅದನ್ನು ಬರೆದಿರಲಿಲ್ಲ.

ಪ್ರಯೋಗದ ದಿನ ಬಣ್ಣದ ಕೋಣೆಯಲ್ಲಿ ಬಸುವಿನ ಮುಖಕ್ಕೆ ಬಣ್ಣ ಮುಗಿದಿತ್ತು. ಗಿರಿಜಾ ಕಾಡಿಗೆಯ ಡಬ್ಬಿಯಲ್ಲಿ ಬೆರಳದ್ದಿ, “ಬಾ ಇಲ್ಲೆ, ಯಾರ ಕಣ್ಣರೆ ಬಿದ್ದಾವು” ಎಂದು ಅವನ ಎಡಗಿವಿಯ ಹಿಂದೆ, ಯಾರಿಗೂ ಕಾಣದ ಹಾಗೆ, ದೃಷ್ಟಿಬೊಟ್ಟು ಇಟ್ಟಳು. ನಾನು ಕನ್ನಡಿಯಲ್ಲಿ ನೋಡುತ್ತಿದ್ದೆ, ನನ್ನ ಹೊಟ್ಟೆಗೆ ಇನ್ನೊಂದಿಷ್ಟು ಬಟ್ಟೆ ತುರುಕಿಕೊಳ್ಳುತ್ತಾ — ಅಪ್ಪನ ಪಾತ್ರಕ್ಕೆ ನನ್ನದು ಸಾಲದೆಂದು ವತ್ಸಲಕ್ಕನಿಗೆ ಅನ್ನಿಸಿತ್ತು.

“ನನಗ?” ಎಂದೆ.

“ನಿಮಗ ಯಾರ ಕಣ್ಣು ಬೀಳ್ತಾವ್ರಿ!” ಎಂದು ಗಿರಿಜಾ ನಕ್ಕಳು. ಬಸು “ಇರಲಿ ವಯ್ನೀ, ನಾನ ಹಾಕ್ತೀನಿ ತಗೋರಿ” ಎಂದು ನನ್ನ ಗದ್ದಕ್ಕೊಂದು ಚುಕ್ಕೆ ಇಡಲು ಬಂದ. ಪ್ರೀತಿಯಿಂದಲೇ ಬಂದ. ನಾನು ಅವನ ಕೈ ಸರಿಸಿದೆ.

ಇದು ಕಾರಣವೇ? ಒಂದು ಕಾಡಿಗೆಯ ಚುಕ್ಕೆ? ಹೀಗೆ ಬರೆದು ನೋಡಿದರೆ ನಗು ಬರುತ್ತದೆ. ದಿಲ್‌ಸುಖ್‌ನಗರದ ಆ ಹುಡುಗರಿಗೆ ಇದಕ್ಕಿಂತ ಗಟ್ಟಿ ಕಾರಣವಿತ್ತು.

ಆ ದೃಶ್ಯ ಬಂತು. ಅವನು ಅಳುತ್ತಾ ಬಂದ — ನಿಜವಾದ ಅಳು, ಮೂಗು ಸೋರುವ ಅಳು. ಮುಂದಿನ ಸಾಲಿನಲ್ಲಿ ಯಾರೋ ಹೆಂಗಸು ‘ಅಯ್ಯೋ’ ಎಂದರು. ನಾನು ಎದುರು ನಿಂತೆ. ಹಾಲಿನಲ್ಲಿ ಒಬ್ಬರ ಕಣ್ಣೂ ನನ್ನ ಮೇಲಿರಲಿಲ್ಲ. “ಗಂಡಸಾಗಿ ಹುಟ್ಟಿ ಅಳತಿಯೇನಲೇ?” ಎಂದೆ. ಅವನು ತಲೆಯೆತ್ತಿ ನನ್ನ ಕಣ್ಣಲ್ಲಿ ಕಣ್ಣಿಟ್ಟ. ಸನ್ನೆ ಕೊಡುವ ಮುಂಚೆ ಅವನು ಯಾವಾಗಲೂ ಒಂದು ಕ್ಷಣ ಹಾಗೆ ನೋಡುತ್ತಿದ್ದ. ಕಣ್ಣು ಪೂರ್ತಿ ತೆರೆದಿತ್ತು. ಅದರಲ್ಲಿ ಎಳ್ಳಷ್ಟೂ ಭಯವಿರಲಿಲ್ಲ. ನಾನಲ್ಲವೇ, ಗ್ಯಾಸ್ ನೋಡಲು ವಾಪಸು ಹೋಗುವ ಅಣ್ಣಾರು.

ನಾನು ಒಂದು ಹೆಜ್ಜೆ ಮುಂದಿಟ್ಟೆ.

ತಾಲೀಮಿನಲ್ಲಿ ಆ ಹೆಜ್ಜೆ ಇರಲಿಲ್ಲ. ಕೈ ತಪ್ಪಬಹುದು, ಗಾಬರಿಯಲ್ಲಿ ಮುಂಚೆ ಏಳಬಹುದು — ಇದನ್ನೆಲ್ಲ ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೆ. ಆದರೆ ಆ ಹೆಜ್ಜೆ… ಗೇಣು ದೂರವನ್ನು ತುಂಬಲೆಂದೇ ಇಟ್ಟ ಹೆಜ್ಜೆ ಅದು. ಇಡುವಾಗ ನನಗೆ ಗೊತ್ತಿತ್ತು. ಇಟ್ಟೆ. ಹೊಡೆದೆ. ಅವನ ಕಣ್ಣು ತೆರೆದೇ ಇತ್ತು.

ಅಂಗೈ ಪೂರ್ತಿ ಕಿವಿಯ ಮೇಲೆ ಬಿತ್ತು. ಆ ಸದ್ದು ಗಿರಿಜಾಳ ಚಪ್ಪಾಳೆಯಂತೆ ಇರಲಿಲ್ಲ, ಅದು ಒದ್ದೆಯಾಗಿತ್ತು. ನಾನು ಮರೆಯ ಕಡೆ ನೋಡಿದೆ. ಅವಳು ಎರಡು ಅಂಗೈಗಳನ್ನು ಬಿಡಿಸಿ ಹಿಡಿದುಕೊಂಡು ನಿಂತಿದ್ದಳು. ಇನ್ನೂ ತಟ್ಟಿರಲಿಲ್ಲ. ಅವಳು ಸನ್ನೆಗೆ ಕಾಯುತ್ತಿದ್ದಳು.

ಬಸು ಬೀಳಲಿಲ್ಲ. ತೋಳಿನಿಂದ ಮುಖ ಒರೆಸಿಕೊಂಡ. ಬಾಗಿಲ ಕಡೆ ಹೋದ, ಸ್ವಲ್ಪ ವಾಲುತ್ತಾ. ಚಪ್ಪಲಿಗಳು ಅವನ ಕೈಗೆ ಬೇಗ ಸಿಗಲಿಲ್ಲ, ತಡವಿದ. ಒಂದನ್ನು ಇಟ್ಟ, ಇನ್ನೊಂದನ್ನು ಅದರ ಪಕ್ಕಕ್ಕೆ ತಂದು ನೆಟ್ಟಗೆ ಮಾಡಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೊನೆಯ ದೃಶ್ಯದಲ್ಲಿ ಅವನು ಮಾತುಗಳನ್ನು ಬೇಕಾದುದಕ್ಕಿಂತ ಜೋರಾಗಿ ಆಡಿದ. ತನ್ನ ದನಿ ತನಗೇ ಕೇಳುತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ಜನ ಅದನ್ನು ರವಿಯ ಮನಸ್ಸು ಕಲ್ಲಾದದ್ದೆಂದು ತಿಳಿದರು. ಪರದೆ ಬಿದ್ದ ಮೇಲೆ ಸಂಘದ ಹಿರಿಯರೊಬ್ಬರು ಬಂದು ನನ್ನ ಕೈ ಕುಲುಕಿದರು. “ಏಟಂದ್ರ ಅದ್ರಿ! ನಾಟಕ ಅಂತ ಅನಸಲೇ ಇಲ್ಲ.” ನಾನು ಬಾಗಿ ನಮಸ್ಕರಿಸಿದೆ. ನನ್ನ ನಟನೆಗೆ ಜೀವಮಾನದಲ್ಲಿ ಸಿಕ್ಕ ಮೆಚ್ಚುಗೆ ಅದೊಂದೇ.

ಬಣ್ಣದ ಕೋಣೆಯಲ್ಲಿ ಬಸು ಸ್ಟೂಲಿನ ಮೇಲೆ ಕೂತಿದ್ದ. ಗಿರಿಜಾ ಹತ್ತಿ ಹಿಡಿದು ನಿಂತಿದ್ದಳು. ಹತ್ತಿಯಲ್ಲಿ ಕೆಂಪು ಇತ್ತು.

“ಏನಾತ್ರಿ ಅಣ್ಣಾರ?” ಎಂದ. ದೂರಲಿಲ್ಲ. ನಿಜವಾಗಿ ತಿಳಿಯದೆ ಕೇಳಿದ.

ನನ್ನ ಮುಂದೆ ಎರಡು ಮಾತುಗಳಿದ್ದವು. ಎರಡೂ ಒಂದೇ ಅಳತೆಯವು. ನಾನು ಆರಿಸಿಕೊಂಡದ್ದು ಇದು:

“ನೀನ ಮಾರಿ ಮುಂಚೆ ತಿರುಗಿಸಿದಿ, ಬಸು. ನನ್ನ ಕೈ ಆಗಲೇ ಹೊಂಟಿತ್ತು.”

ಅವನು ನೆಲ ನೋಡುತ್ತಾ ಯೋಚಿಸಿದ. “ಹೌದೇನ್ರಿ…” ಎಂದ. “ಸಾರಿ ಅಣ್ಣಾರ. ನಿಮ್ಮ ಕೈಗೆ ನೋವಾತೇನು?”

ಗಿರಿಜಾ ನನ್ನ ಮುಖ ನೋಡಲಿಲ್ಲ. ನನ್ನ ಬಲಗೈ ನೋಡಿದಳು. ಬೆರಳ ತುದಿಗಳಲ್ಲಿ ಕಾಡಿಗೆ ಮೆತ್ತಿಕೊಂಡಿತ್ತು.

“ಕೈ ತೊಳಕೋರಿ” ಎಂದಳು. ಅಷ್ಟೆ.

ಕಿವಿಯ ತಮಟೆ ಹರಿದಿತ್ತು. ತಾನಾಗಿಯೇ ಕೂಡಿಕೊಳ್ಳುತ್ತದೆ, ಹೆಡ್‌ಸೆಟ್ ಮಾತ್ರ ಹಾಕಬಾರದು ಎಂದರು ಕೋಠಿಯ ಡಾಕ್ಟರು. ತರಬೇತಿಯಲ್ಲಿದ್ದವನಿಗೆ ಅಷ್ಟು ದಿನ ಯಾರು ಕಾಯುತ್ತಾರೆ? ಕೆಲಸ ಹೋಯಿತು. ಮೇಷ್ಟರಿಗೆ ಫೋನು ಮಾಡಲಿಲ್ಲ. ಕಿವಿಯೂ ಕೂಡಿಕೊಳ್ಳಲಿಲ್ಲ, ಕೀವಾಯಿತು, ಸೋರಿತು, ಕಡೆಗೆ ಒಣಗುವ ಹೊತ್ತಿಗೆ ಆ ಕಡೆಯ ಕೇಳುವ ಶಕ್ತಿಯನ್ನು ತೆಗೆದುಕೊಂಡು ಹೋಯಿತು. ಗಿರಿಜಾ ವಾರಗಟ್ಟಲೆ ಅವನ ಕೋಣೆಗೆ ಊಟದ ಡಬ್ಬಿ ಕಳಿಸಿದಳು. ಆ ಡಬ್ಬಿಯನ್ನು ಹೊತ್ತೊಯ್ಯುತ್ತಿದ್ದವನು ನಾನು. ದಾರಿಯಲ್ಲಿ ಮುಚ್ಚಳ ತೆಗೆದು ಅವನಿಗೆ ಎಂಥ ಪಲ್ಯ ಹೋಗುತ್ತಿದೆ ಎಂದು ನೋಡುತ್ತಿದ್ದೆ — ಇದನ್ನೂ ಬರೆದುಬಿಡುತ್ತೇನೆ. ಹೊಡೆದ ಮೇಲೂ ಹೊಟ್ಟೆಕಿಚ್ಚು ಹೋಗಲಿಲ್ಲ. ಹೊಡೆದರೆ ಹೋಗುತ್ತದೆ ಎಂದುಕೊಂಡವರು ಯಾರಾದರೂ ಇದ್ದರೆ ತಿಳಿದುಕೊಳ್ಳಲಿ.

ಒಮ್ಮೆ ಹೇಳಿದ್ದೇನೆ. ಹೇಳಿದ್ದೇನೆ ಎಂದರೆ — ಅದನ್ನು ಕೇಳಿ. ಕೆಲವು ಚಳಿಗಾಲ ಕಳೆದ ಮೇಲೆ ನಾಂಪಲ್ಲಿಯ ನುಮಾಯಿಶ್ ವಸ್ತುಪ್ರದರ್ಶನಕ್ಕೆ ಅವನೂ ನಾನೂ ಹೋಗಿದ್ದೆವು. ಜನವೋ ಜನ. ಸಾಲು ಅಂಗಡಿಗಳ ಲೌಡ್‌ಸ್ಪೀಕರು, ಜಯಂಟ್ ವೀಲಿನ ಕಿರುಚಾಟ. ನಾನು ಅವನ ಎಡಗಡೆ ನಡೆಯುತ್ತಿದ್ದೆ. ಆಯ್ದುಕೊಂಡೇ ಆ ಕಡೆಗೆ ಬಂದಿದ್ದೆ. ತುಟಿ ಹೆಚ್ಚು ತೆರೆಯದೆ ಹೇಳಿದೆ, “ಬಸು, ಅವತ್ತ ನಾ ಬೇಕಂತಲೇ ಹೊಡದೆ.”

ಅವನು ಪೂರ್ತಿ ತಿರುಗಿ ಬಲಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದ. “ಏನಂದ್ರಿ ಅಣ್ಣಾರ?”

“ಮಿರ್ಚಿ ತಿನ್ನೂಣೇನು ಅಂದೆ.”

“ಅದನ್ನೇನ ಕೇಳ್ತೀರಿ! ಬರ್ರಿ!”

ತಿಂದೆವು. ಆ ರಾತ್ರಿ ನಾನು ಬಹಳ ದಿನಗಳ ಮೇಲೆ ಸುಖವಾಗಿ ನಿದ್ದೆ ಮಾಡಿದೆ. ನನ್ನ ಕಡೆಯಿಂದ ಹೇಳಿಯಾಗಿತ್ತಲ್ಲ! ಕೇಳದಿದ್ದದ್ದು ಅವನ ಕಿವಿಯ ತಪ್ಪು.

ಬಸು ಈಗ ದಿಲ್‌ಸುಖ್‌ನಗರದ ಒಂದು ಸೆಂಟರಿನಲ್ಲಿ ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತಾನೆ, ಶಾಲೆ ಕಾಲೇಜುಗಳಲ್ಲಿ ಹುಡುಗರಿಂದ ನಾಟಕ ಆಡಿಸುತ್ತಾನೆ. ಮಕ್ಕಳು ಅವನ ಮೇಲೆ ಪ್ರಾಣ ಬಿಡುತ್ತಾರೆ. ‘ಆದದ್ದೆಲ್ಲಾ ಒಳ್ಳೇದಕ್ಕ ನೋಡ್ರಿ, ಕಾಲ್ ಸೆಂಟರಿನಾಗ ಇದ್ದಿದ್ರ ಇದೆಲ್ಲಾ ಎಲ್ಲಿ’ ಎಂದು ಜನ ಅನ್ನುವಾಗ ನನ್ನೊಳಗೆ ಏನೋ ಒಂದು ತಲೆಯಾಡಿಸಿ ನೆಮ್ಮದಿಪಡಲು ನೋಡುತ್ತದೆ. ಬೇಡ. ಅವನು ಕಟ್ಟಿಕೊಂಡದ್ದು ಅವನದು. ನನ್ನ ಪಾಲಿಗೆ ಅದರಲ್ಲಿ ಏನೂ ಇಲ್ಲ.

ಹೊಸ ಪ್ರಯೋಗವನ್ನು ಆಡಿಸುತ್ತಿರುವವನು ಅವನೇ. ಹೋದ ಭಾನುವಾರ ತಾಲೀಮಿಗೆ ಕರೆದ. ಹುಡುಗರು ಸುತ್ತ ಕೂತಿದ್ದರು — ಮೀಸೆ ಆಗಷ್ಟೇ ಮೂಡಿದವರು, ತೋಳು ಉಬ್ಬಿಸಿಕೊಂಡವರು. ಬಸು ತನ್ನ ಎಡಗಿವಿ ಹಿಡಿದು ತೋರಿಸಿದ.

“ನೋಡ್ರಪಾ, ಇದು ಕೇಳಂಗಿಲ್ಲ. ಯಾಕ? ಸನ್ನಿ ಕೊಡೂಕಿಂತ ಮೊದಲ ನಾ ಮಾರಿ ತಿರುಗಿಸಿದೆ. ತಪ್ಪು ಯಾರ್ದು? ನಂದು. ಹತ್ತು ಕಡೆ ಹೇಳೀನಿ, ನಿಮಗೂ ಹೇಳ್ತೀನಿ — ನನ್ನಂಗ ಮಾಡಬ್ಯಾಡ್ರಿ.”

ಹತ್ತು ಕಡೆ. ಹೋದ ಹೋದ ಶಾಲೆಯಲ್ಲೆಲ್ಲ ನನ್ನ ಸುಳ್ಳನ್ನು ತನ್ನ ತಪ್ಪೆಂದು ಮಕ್ಕಳಿಗೆ ಪಾಠ ಮಾಡಿಕೊಂಡು ಬಂದಿದ್ದಾನೆ. ನನಗೆ ಇದು ಗೊತ್ತಿರಲಿಲ್ಲ.

“ಸರ್, ಕೈ ಒಂದು ಗೇಣು ದೂರ ಇದ್ರ, ಮಾರಿ ತಿರುಗಿಸಿದ್ರೂ ಹೆಂಗ ಬಡೀತೈತಿ?” ಎಂದ ರವಿಯ ಪಾತ್ರದ ಹುಡುಗ.

“ಭಾಳ ಶಾಣ್ಯಾ ಆಗಬ್ಯಾಡಲೇ” ಎಂದು ಬಸು ನಕ್ಕ. “ಬರ್ರಿ ಅಣ್ಣಾರ, ಹೆಂಗಂತ ತೋರಸೂಣ.”

ನಾನು ಎದುರು ನಿಂತೆ. ಅವನ ತಲೆಗೂದಲು ಬೆಳ್ಳಗಾಗಿದೆ, ಆದರೆ ನೋಟ ಅದೇ. ಕಣ್ಣಲ್ಲಿ ಕಣ್ಣಿಟ್ಟ. ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆದ. ನನ್ನ ಕೈ ಏಳಲಿಲ್ಲ. ಇನ್ನೊಮ್ಮೆ ಮುಚ್ಚಿ ತೆರೆದ.

“ಕೊಟ್ಟೆನ್ರಿ ಸನ್ನಿ” ಎಂದ ಮೆಲ್ಲಗೆ.

“ಭುಜ ಹಿಡಕೊಂಡೈತಿ” ಎಂದೆ. ಹುಡುಗರು ಕಿಸಕ್ಕನೆ ನಕ್ಕರು. ‘ಅಂಕಲ್‌ಗೆ ಧೈರ್ಯ ಸಾಲ್ತಿಲ್ಲ’ ಎಂದು ಹಿಂದಿನಿಂದ ಯಾರೋ ಅಂದರು. ಬಸು ಅವರ ಕಡೆ ತಿರುಗಿದ. ನಗು ಹೋಗಿತ್ತು.

“ನಗಬ್ಯಾಡ್ರಿ. ನನ್ನ ತಪ್ಪಿಗೆ ಅವರು ಅವತ್ತಿನಿಂದ ಸ್ಟೇಜ್ ಹತ್ತಿಲ್ಲ. ಸುಳ್ಳ ಸುಳ್ಳ ಹೊಡಿಯಾಕೂ ಕೈ ಬರವಲ್ದು ಅವರಿಗೆ. ಗಂಡಸು ಅಂದ್ರ ಹಿಂಗೂ ಇರ್ತಾನ. ನೋಡಿ ಕಲೀರಿ.”

ಆ ಹುಡುಗರು ನನ್ನನ್ನು ನೋಡಿದರು. ಕಲಿಯಲು.

ನಾನು ಮನೆಗೆ ಬಂದು ತಮಾಷೆಯ ಬರಹ ಹರಿದುಹಾಕಿ ಇಲ್ಲಿಯವರೆಗಿನದನ್ನು ಬರೆದೆ. ಗಿರಿಜಾಗೆ ಕೊಟ್ಟೆ. ಓದುವಾಗ ಅವಳ ಕೈಯಲ್ಲಿ ಬೇರೆ ಕೆಲಸವಿರಲಿಲ್ಲ. ಮುಗಿಸಿ ಹಾಳೆಗಳ ಅಂಚು ಸರಿಮಾಡಿ ಇಟ್ಟಳು.

“ನಿನಗ ಗೊತ್ತಿತ್ತು” ಎಂದೆ.

“ನಾ ಅವನ ಕಣ್ಣ ನೋಡಾಕತ್ತಿದ್ದೆನ್ರಿ. ಅದ ನನ್ನ ಕೆಲಸ ಇತ್ತಲ್ಲ” ಎಂದಳು. ಆಮೇಲೆ, “ನೀವ ಹೇಳ್ತೀರಿ ಅಂತ ಕಾದೆ. ನಾ ಕಾದದ್ದೂ ತಪ್ಪ ಆತು. ಇದನ್ನ ಛಾಪಿಸೂಕಿಂತ ಮೊದಲ ಅವಂಗ ಓದಿ ಹೇಳ್ರಿ.”

ಹೇಳುತ್ತೇನೆ. ನಾಳೆ ಬೆಳಿಗ್ಗೆ, ಹುಡುಗರು ಬರುವ ಮುಂಚೆ. ನನ್ನ ಚಿಂತೆಗಳ ಯಂತ್ರ ಎಂದಿನಂತೆ ಓಡುತ್ತಿದೆ. ಅವನು ಎದ್ದು ಹೋದರೆ? ನಾಟಕ ನಿಲ್ಲಿಸಿದರೆ? ‘ಅಣ್ಣಾರ’ ಎನ್ನುವುದನ್ನು ಬಿಟ್ಟರೆ? — ಇದೇ ಇಷ್ಟು ವರ್ಷ ನನ್ನ ಬಾಯಿ ಕಟ್ಟಿದ್ದು, ಬೇರೆ ಯಾವುದೂ ಅಲ್ಲ. ಬಿಡಲಿ. ಆ ಹುಡುಗರಿಗೂ ಹೇಳು ಎಂದರೆ ಹೇಳುತ್ತೇನೆ. ಇದು ಅಚ್ಚಾಗಿ ನಿಮ್ಮ ಕೈಗೆ ಬಂದಿದ್ದರೆ, ಅಚ್ಚಾಗಲಿ ಎಂದು ಅವನು ಹೇಳಿದ್ದಾನೆಂದು ಅರ್ಥ, ಕ್ಷಮಿಸಿದ್ದಾನೆಂದು ಅರ್ಥವಲ್ಲ.

ಈ ಸಲ ಅವನ ಬಲಗಡೆಗೆ ಕೂರುತ್ತೇನೆ. ಹಾಳೆಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾಯುತ್ತೇನೆ. ಅವನು ನನ್ನ ಕಡೆ ನೋಡಿ ‘ಓದ್ರಿ’ ಎಂದ ಮೇಲೆಯೇ ಮೊದಲ ಸಾಲು ಓದುತ್ತೇನೆ.